ಎಣ್ಣೆಯ ಪಂಪು ಬಿಚ್ಚಿದ ಅಜ್ಜ

ಹೊಳೆಯ ನಡುಗಡ್ಡೆಯಲ್ಲಿ ಮಡಿವಾಳಜ್ಜನವರ ಆಶ್ರಮವಿತ್ತು. ಊರಿನ ದಡಕ್ಕೆ ಹೋಗಲು ಇದ್ದದ್ದು ಒಂದೇ ದೋಣಿ. ಅದರ ಹಿಂಬದಿಯ ಮೋಟಾರು ಅಜ್ಜನಷ್ಟೇ ಹಳೆಯದು ಎಂದು ಜನ ನಗುತ್ತಿದ್ದರು. ನಡೆಸುತ್ತಿದ್ದವನು ಶಿಷ್ಯ ಚೆನ್ನವೀರ.

ಆ ಮೋಟಾರಿಗೆ ಬರೀ ಪೆಟ್ರೋಲ್ ಸಾಲದು, ಎಣ್ಣೆಯೂ ಬೇಕು; ಇಲ್ಲವಾದರೆ ಒಳಗೆ ಉಜ್ಜಿ ಬಿಗಿದುಕೊಳ್ಳುತ್ತದೆ. ಒಳಗಿದ್ದ ಒಂದು ಚಿಕ್ಕ ಪಂಪು ತಾನಾಗಿಯೇ ಎಣ್ಣೆ ಬೆರೆಸಿಕೊಡುತ್ತಿತ್ತು.

ಒಂದು ದಿನ ಅಜ್ಜ ಪಾನಾ ಹಿಡಿದು ಕೂತು ಆ ಪಂಪನ್ನೇ ಬಿಚ್ಚತೊಡಗಿದರು.

“ಅಜ್ಜಾರ, ಅದು ಕೆಟ್ಟಿಲ್ಲಲ್ರೀ.”

“ಕೆಟ್ಟಿಲ್ಲ. ವಯಸ್ಸಾಗೇತಿ.”

“ಕೆಟ್ಟ ಮ್ಯಾಲೆ ಬಿಚ್ಚಿದ್ರಾಗತಿತ್ತು.”

“ಕೆಟ್ಟದ್ದು ನಿನಗ ಹೆಂಗ ಗೊತ್ತಾಗತೈತಿ?”

ಚೆನ್ನವೀರ ತಲೆ ಕೆರೆದುಕೊಂಡ. “ಮೋಟಾರ್ ಬಿಗಿದು ನಿಂತಾಗ.”

“ಅದೂ ಹೊಳೀ ನಡುವ,” ಎಂದ ಅಜ್ಜ ಎಣ್ಣೆಯ ಕೊಳವೆಗಳ ಬಾಯಿ ಮುಚ್ಚಿದರು. “ಇನ್ನ ಮುಂದ ನಾವ ಅಳತಿ ಮಾಡಿ, ಪೆಟ್ರೋಲಿಗೆ ಎಣ್ಣಿ ಬೆರಸೋದು.”

ಆ ಆಶ್ರಮದಲ್ಲೊಂದು ಪದ್ಧತಿ. ಮಾಡಿದ ಸೇವೆಯನ್ನು ಬಾಯಿಬಿಟ್ಟು ಹೇಳುವಂತಿಲ್ಲ. ಹಂಡೆ ತುಂಬಿರುತ್ತಿತ್ತು, ಅಂಗಳ ಗುಡಿಸಿರುತ್ತಿತ್ತು. ನಾನು ಮಾಡಿದೆ ಎನ್ನುವವರಿಲ್ಲ. ಚೆನ್ನವೀರನಿಗೆ ಈ ಪದ್ಧತಿ ಅಂದರೆ ಪ್ರಾಣ. ಒಂದು ಹೆಜ್ಜೆ ಮುಂದೆ ಹೋಗಿ, ಯಾರು ಮಾಡಿದರೆಂದು ಕೇಳುವುದನ್ನೂ ಬಿಟ್ಟಿದ್ದ.

ಮುಂದಿನ ಸೋಮವಾರ ದ್ಯಾಮವ್ವ ಬಂದಳು. ನಡುಗಡ್ಡೆಯಲ್ಲೇ ಮನೆ ಅವಳದು. ಮೂತ್ರಪಿಂಡ ಸೋತಿತ್ತು, ವಾರಕ್ಕೆರಡು ಸಲ ಆಚೆ ದಡದ ಆಸ್ಪತ್ರೆಯಲ್ಲಿ ಡಯಾಲಿಸಿಸ್. ಒಂದು ಸಲ ತಪ್ಪಿದರೂ ಕಾಲು ಊದಿ ಉಸಿರು ಕಟ್ಟುತ್ತಿತ್ತು. ಅವಳ ಜೀವ ನಿಂತದ್ದೇ ಈ ದೋಣಿಯ ಮೇಲೆ.

ದಡದಲ್ಲಿ ಪೆಟ್ರೋಲಿನ ಕ್ಯಾನು ತುಂಬಿತ್ತು. ಅಜ್ಜ ಎಣ್ಣೆ ಬೆರೆಸಿಯೇ ಇಟ್ಟಿರುತ್ತಾರೆ ಎಂದುಕೊಂಡ ಚೆನ್ನವೀರ ಅದಕ್ಕೆ ಕೊಳವೆ ಜೋಡಿಸಿ ಮೋಟಾರಿನ ಹಗ್ಗ ಎಳೆದ. ಅಜ್ಜನೂ ಹತ್ತಿ ಕೂತರು.

ನಡುಹೊಳೆಯಲ್ಲಿ ಮೋಟಾರಿನ ದನಿ ಬದಲಾಯಿತು. ಏನೋ ಒಣಗಿದ್ದು ಉಜ್ಜಿದಂಥ ಸದ್ದು. ಅಜ್ಜ ಕೈಚಾಚಿ ಥಟ್ಟನೆ ಆರಿಸಿಬಿಟ್ಟರು.

ದೋಣಿ ಸೆಳವಿನ ಜೊತೆ ಕೆಳಕ್ಕೆ ತೇಲತೊಡಗಿತು.

“ಎಣ್ಣಿ ಬೆರಸಿದ್ದಿಯೇನು?”

“ನೀವು ಬೆರಸಿರ್ತೀರಿ ಅಂದ್ಕೊಂಡಿದ್ದೆರೀ.”

“ನಾ ಕ್ಯಾನ್ ತಂದಿಟ್ಟಿದ್ದೆ, ಅಷ್ಟ. ಕೇಳಬೇಕಿಲ್ಲೋ?”

“ಸೇವಾದ ಮಾತು ಆಡಬಾರದಲ್ರೀ ಅಜ್ಜಾರ.”

“ಹೇಳಬಾರದು ಅಂದಿದ್ದೆ ತಮ್ಮಾ. ಕೇಳಬಾರದು ಅಂತ ಯಾವಾಗ ಅಂದೆ?”

ಚೆನ್ನವೀರನಿಗೆ ದ್ಯಾಮವ್ವನ ಮುಖ ನೋಡುವ ಧೈರ್ಯ ಬರಲಿಲ್ಲ. ಅಜ್ಜ ಹುಟ್ಟು ಹಿಡಿದು ದೋಣಿಯನ್ನು ಸಂಭಾಳಿಸಿದರು. ಚೆನ್ನವೀರ ದೋಣಿಯಲ್ಲೇ ಇದ್ದ ಸೀಸೆಯಿಂದ ಎಣ್ಣೆ ಅಳೆದು ಕ್ಯಾನಿಗೆ ಸುರಿದು ಕುಲುಕಿದ, ಕೊಳವೆಯಲ್ಲಿ ಉಳಿದಿದ್ದ ಬರೀ ಪೆಟ್ರೋಲನ್ನು ಡಬ್ಬಿಗೆ ಇಳಿಸಿದ. ಮೋಟಾರು ತಣ್ಣಗಾಗುವವರೆಗೆ ಮೂವರೂ ಕಾದರು.

“ಗಾಬರಿ ಆಗಬ್ಯಾಡೋ ಯಪ್ಪಾ. ನಾ ಕುಂತೀನಿ,” ಎಂದಳು ದ್ಯಾಮವ್ವ ಏದುಸಿರಿನಲ್ಲೇ.

ಮತ್ತೆ ಹಗ್ಗ ಎಳೆದ. ಮೋಟಾರು ಕೆಮ್ಮಿತು, ಎಣ್ಣೆ ಉರಿದ ನೀಲಿ ಹೊಗೆ ಬಿಟ್ಟಿತು, ಹಿಡಿಯಿತು. ಚೆನ್ನವೀರನಿಗೆ ಅಳುವೇ ಬಂತು. ಆ ಹೊಗೆಗೂ ಕೈಮುಗಿಯಬೇಕು ಅನ್ನಿಸಿತು ಅವನಿಗೆ.

ದ್ಯಾಮವ್ವ ದಡ ಹತ್ತಿ, ಕಾದಿದ್ದ ಆಟೋದಲ್ಲಿ ಕೂತು ಹೋದಳು. ಅದು ಮರೆಯಾಗುವವರೆಗೂ ಚೆನ್ನವೀರ ನೋಡುತ್ತಲೇ ನಿಂತ. ಆಮೇಲೆ ಅಜ್ಜನ ಕಾಲಿನ ಬಳಿ ಕೂತ.

“ಅಜ್ಜಾರ, ಆ ಪಂಪು ಇಷ್ಟು ವರ್ಷ ಒಂದು ದಿನಾನೂ ಮರೀಲಿಲ್ಲ. ನಾನು ಒಂದು ವಾರದಾಗ ಮರತೆ. ನಾ ಅದಕ್ಕ ಒಂದು ಸಲಾನೂ ಕೈ ಮುಗದಿಲ್ಲ.”

“ಹೂಂ.”

“ಅಂಥಾದ್ದನ್ನ, ಕೆಡೋಕಿಂತ ಮೊದಲ, ನೀವು ಕಿತ್ತು ತೆಗದ್ರಿ. ಅದರ ಉಪಕಾರ ಮರತಂಗಾಗಲಿಲ್ಲೇನ್ರೀ?”

ಮೋಟಾರು ಮುಟ್ಟಿ ಕೈಗೆ ಹತ್ತಿದ್ದ ಎಣ್ಣೆಯನ್ನು ಹೊಳೆಯಲ್ಲಿ ತೊಳೆಯಹೋದ ಅಜ್ಜ, ನೀರು ಹೊಲಸಾದೀತೆಂದು ತಡೆದು, ಅದನ್ನು ಪಂಚೆಗೇ ಒರೆಸಿಕೊಂಡರು.

“ಒಂದ ಒಂದು ಸಲ ಅದು ಕೈಕೊಟ್ಟಿದ್ರ, ಇಷ್ಟು ವರ್ಷದ ದುಡಿತ ಮರತು ಅದನ್ನ ಬೈತಿದ್ದಿ. ಬೈಸಿಕೊಳ್ಳೋಕಿಂತ ಮೊದಲ ಅದರ ಕೆಲಸ ನಾವು ಇಸಗೊಂಡೀವಿ ತಮ್ಮಾ.”