ಬಸರಿ ಮರ ಬಿಟ್ಟುಕೊಟ್ಟ ಜಾಗ

ಲೋಕ ಇನ್ನೂ ಹಸಿ ಮಡಕೆಯ ಹಾಗಿದ್ದ ಕಾಲ ಅದು. ಗಾಳಿಗೂ ಬಾಯಿತ್ತು, ಮರಕ್ಕೂ ಬಾಯಿತ್ತು. ಸುಮ್ಮನಿರೋದು ಮಾತ್ರ ಯಾರಿಗೂ ಬರುತ್ತಿರಲಿಲ್ಲ!

ಆಗ ಕಡಲಾಚೆ ಖ್ಮೇರ್ ಜನರ ನಾಡಿನ ಒಂದು ಕಲ್ಲಿನ ಊರಿನಲ್ಲಿ ಮಾಲಿಸ್ ಎಂಬ ಶಿಲ್ಪಿ ಇದ್ದಳು. ಅವರ ಕಡೆ ಗೋಡೆಗೆ ಗಾರೆ ಹಾಕೋ ಪದ್ಧತಿಯೇ ಇಲ್ಲ. ಕಲ್ಲಿನ ಮೇಲೆ ಕಲ್ಲಿಟ್ಟು, ನೀರು ಹೊಯ್ದು, ಉಜ್ಜಿ ಉಜ್ಜಿ, ನಡುವೆ ಕೂದಲೂ ತೂರದ ಹಾಗೆ ಕೂರಿಸುತ್ತಿದ್ದರು. ಹಾಗೆ ಕಟ್ಟಿದ ಗುಡಿಯ ಗೋಡೆಯಲ್ಲಿ ಮಾಲಿಸ್ ತೀರಿಹೋದ ಅಮ್ಮನ ನಗುಮುಖ ಕೆತ್ತಿದ್ದಳು. ಅಮ್ಮನನ್ನು ನೋಡಲು ಅವಳಿಗೆ ಉಳಿದದ್ದು ಅದೊಂದೇ.

ಒಂದು ವರ್ಷ ರಾಜ ಬೇರೆ ಕಡೆ ಅರಮನೆ ಕಟ್ಟಿದ. ಊರಿಗೆ ಊರೇ ಅವನ ಹಿಂದೆ ಹೊರಟಿತು.

"ಅಕ್ಕಾ, ಗಾಡಿ ಹೂಡಿದ್ದೀನಿ, ಹತ್ತು," ಅಂದ ತಮ್ಮ ರಿತ್ಥಿ.

"ನೀನು ಹೋಗಪ್ಪ. ಅಮ್ಮನ ಮುಖ ಮಣ್ಣುಪಾಲಾಗೋಕೆ ನಾನು ಬಿಡಲ್ಲ."

"ನಿನ್ನ ಹಠವೇ ಹಠ!" ಎಂದು ಕಣ್ಣೊರೆಸಿಕೊಂಡು ಅವನು ಹೋದ.

ಅಂದಿನಿಂದ ಗಾಳಿ ಬಂದು ಗೋಡೆಯನ್ನು ಭುಜದಿಂದ ನೂಕತೊಡಗಿತು. "ಇವತ್ತು ಕೆಡವಿಯೇ ತೀರುತ್ತೇನೆ!"

"ಕೆಡವು ನೋಡೋಣ!" ಎನ್ನುತ್ತಿದ್ದಳು ಮಾಲಿಸ್. ಸರಿದ ಕಲ್ಲನ್ನು ಮತ್ತೆ ನೂಕಿ ಕೂರಿಸುತ್ತಿದ್ದಳು.

ಅಷ್ಟರಲ್ಲಿ ಯಾವುದೋ ಹಕ್ಕಿ ಗುಡಿಯ ಮಾಡಿನ ಮೇಲೆ ಬಸರಿ ಬೀಜ ಉದುರಿಸಿತು. ಅದು ಮೊಳೆತು ಮರವಾಯಿತು. ಬೇರು ಇಳಿಯಿತು, ಸಂದಿಗೆ ತೂರಿತು. ತಾನೇ ಉಜ್ಜಿ ಕೂರಿಸಿದ ಸಂದಿಯಲ್ಲಿ ಬೇರು ಕಂಡರೆ ಮೈ ಉರಿಯದೆ ಇರುತ್ತದೆಯೇ? ಅವಳು ಬೇರು ಹಿಡಿದು ಜಗ್ಗಿದಳು.

"ಬೇಡಮ್ಮಾ, ಗೋಡೆ ಹಿಡಿದುಕೊಂಡಿರೋದೇ ನಾನು..." ಎಂದು ಮರ ಕೂಗುವಷ್ಟರಲ್ಲಿ ಬೇರು ಕಿತ್ತುಬಂತು. ಧಡಾರ್! ಮೂಲೆಯ ಕಲ್ಲುಗಳು ಉರುಳಿ ಬಿದ್ದವು. ಗಾಳಿ ಹೋ ಎಂದು ನಕ್ಕಿತು. ಕೋಪದಲ್ಲಿ ಕೊಯ್ದ ಮೂಗು ಶಾಂತವಾದಾಗ ಬಂದೀತೇ?

ಮಾಲಿಸ್ ಅತ್ತಳು. ಅತ್ತು ಮುಗಿಸಿ ಎದ್ದಳು. "ತಪ್ಪಾಯ್ತು ಮರವೇ. ಈ ಗೋಡೆ ಹಿಡಿದುಕೋ."

"ಒಮ್ಮೆ ಹಿಡಿದರೆ ಬಿಡೋಕಾಗಲ್ಲಮ್ಮ. ನಾನು ದಪ್ಪವಾದ ಹಾಗೆ ಕಲ್ಲು ಬಿರಿಯುತ್ತೆ, ಕೆತ್ತನೆಯೆಲ್ಲ ಮುಚ್ಚಿಹೋಗುತ್ತೆ."

"ಎಲ್ಲಾ ಮುಚ್ಚು. ಅಮ್ಮನ ಮುಖ ಒಂದನ್ನು ಬಿಡು."

"ಬೇರಿಗೆ ಕಣ್ಣೆಲ್ಲಿದೆ? ಮುಖ ಯಾವುದು ಅಂತ ಹೇಗೆ ಗೊತ್ತಾಗಬೇಕು?"

"ಅಷ್ಟೇ ತಾನೆ?" ಮಾಲಿಸ್ ಹೋಗಿ ಅಮ್ಮನ ಕಲ್ಲಿನ ಕೆನ್ನೆಗಳ ಮೇಲೆ ಎರಡೂ ಅಂಗೈ ಒತ್ತಿ ನಿಂತಳು. "ನನ್ನ ಕೈ ತಗುಲಿದ ಕಡೆ ಪಕ್ಕಕ್ಕೆ ಸರಿದು ಹೋಗು."

ಗಾಳಿ ಬೀಸಿತು, ಬೈದಿತು, ಸೆರಗು ಹಿಡಿದೆಳೆಯಿತು. ಅವಳು ಜಗ್ಗಲಿಲ್ಲ. ಮಳೆ ಬಂತು, ಬಿಸಿಲು ಬಂತು. ಬೇರುಗಳು ತಡವರಿಸುತ್ತ ಬಂದವು, ಅವಳ ಬೆರಳು ಮುಟ್ಟಿದವು, ಸುತ್ತಿಕೊಂಡು ಕೆಳಗಿಳಿದವು. ತಲೆ ನೆರೆಯಿತು, ಬೆನ್ನು ಬಾಗಿತು. ಅವಳು ಕೈ ತೆಗೆಯಲಿಲ್ಲ.

ನೋಡು ಮಗಾ, ಆ ಹಾಳೂರಿನ ಗುಡಿಯನ್ನು ಮರದ ಬೇರು ಇವತ್ತಿಗೂ ಬಿಗಿದು ಹಿಡಿದಿರೋದು ಅದಕ್ಕೇ. ಅಷ್ಟೊಂದು ಬೇರುಗಳ ನಡುವೆ ಎರಡು ಅಂಗೈಯಷ್ಟು ಜಾಗ ಬಿಟ್ಟು, ಒಂದು ಕಲ್ಲಿನ ಮುಖ ನಗುತ್ತಿರೋದೂ ಅದಕ್ಕೇ.