ಅಲುಗಾಡದೆ ಕೂತ ಅಮಲ್ದಾರರು

ತಾಲ್ಲೂಕು ಕಚೇರಿಯ ಜವಾನನಿಗೆ ಮುಖ ಬರೆಯುವ ಹುಚ್ಚು. ಕಲೆ ಮಾತ್ರ ಕೈಗೆ ಒಲಿದಿರಲಿಲ್ಲ. ಇದ್ದಿಲು ಹಿಡಿದು ಹಿತ್ತಿಲ ಗೋಡೆಯ ಮೇಲೆ ಯಾರನ್ನೇ ಬರೆಯಲಿ, ಕುಂಬಳಕಾಯಿಗೆ ಮೀಸೆ ಬಂದಂತೆ ಕಾಣುತ್ತಿತ್ತು. ಒಂದು ದಿನ ಅದು ಅಮಲ್ದಾರ ವಾಮನರಾಯರ ಕಣ್ಣಿಗೆ ಬಿತ್ತು.

"ಸರ್ಕಾರಿ ಗೋಡೆ ಕೆಡಿಸ್ತೀಯೇನೋ? ಈಗ ಇಲ್ಲೇ ನನ್ನನ್ನ ಬರಿ. ಥೇಟ್ ನನ್ನ ಹಾಗೇ ಇರದಿದ್ರೆ ನಾಳೆಯಿಂದ ನಿನಗೆ ಕೆಲಸ ಇಲ್ಲ!"

ಜವಾನ ಕೈಮುಗಿದ. "ಆಗಲಿ ಬುದ್ಧಿ. ಆದ್ರೆ ಇದು ಕಲಿಯೋನ ಕೈ. ತಾವು ಒಂಚೂರೂ ಅಲುಗಾಡಬಾರದು. ಅಲುಗಾಡಿ ಚಿತ್ರ ಕೆಟ್ರೆ ನನ್ನ ತಪ್ಪಲ್ಲ."

"ನಾನ್ಯಾಕೋ ಅಲುಗಾಡ್ಲಿ?" ರಾಯರು ಕುರ್ಚಿ ಹಾಕಿಸಿ, ಪೇಟ ಸರಿಮಾಡಿಕೊಂಡು ಕಲ್ಲಿನಂತೆ ಕೂತರು.

ಜವಾನ ಒಂದು ಗೆರೆ ಎಳೆದ, ಕಣ್ಣು ಕಿರಿದು ಮಾಡಿ ನೋಡಿದ, ಅಳಿಸಿದ. ಮತ್ತೆ ಎಳೆದ, ಮತ್ತೆ ಅಳಿಸಿದ. ಬಿಸಿಲು ನೆತ್ತಿಗೇರಿತು. ರಾಯರ ಮೂಗಿನ ಮೇಲೆ ನೊಣ ಕೂತಿತು. ಓಡಿಸುವಂತಿಲ್ಲ, ಬೈಯುವಂತಿಲ್ಲ. ಗುಮಾಸ್ತರು ಬಾಗಿಲಲ್ಲಿ ನಿಂತು ನಗು ನುಂಗುತ್ತಿದ್ದರು.

"ಇನ್ನೂ ಎಷ್ಟು ಹೊತ್ತೋ?" ರಾಯರು ಹಲ್ಲು ಕಚ್ಚಿಕೊಂಡೇ ಕೇಳಿದರು.

"ಅಯ್ಯೋ ಬುದ್ಧಿ, ಬಾಯಿ ಬರೀತಿದ್ದೆ, ತಾವು ಅದನ್ನೇ ಅಲ್ಲಾಡಿಸಿಬಿಟ್ರಿ! ಮೊದಲಿಂದ ಶುರು ಮಾಡ್ಲಾ?"

ನೊಣಕ್ಕೆಂದು ರಾಯರು ಬೀಸಿದ ಏಟು ಮೂಗಿಗೇ ಬಿತ್ತು. "ಚಿತ್ರಾನೂ ಬೇಡ, ಗಿತ್ರಾನೂ ಬೇಡ. ನಿನ್ನ ಕೆಲಸ ನೀನೇ ಇಟ್ಕೋ ಮಾರಾಯ! ಮೊದಲು ಬಂದು ಈ ಕತ್ತು ತಿಕ್ಕು!"