ಆಮೆಯ ಬೆನ್ನೇರಿದ ಬುಟ್ಟಿ

ಲೋಕ ಇನ್ನೂ ಹಸಿ ಮಡಕೆಯ ಹಾಗಿದ್ದ ಕಾಲ ಅದು. ಬೆಟ್ಟಗಳು ಮೊಣಕಾಲುದ್ದ ಬೆಳೆದಿದ್ದವು, ಅಷ್ಟೆ. ಆಕಾಶವಂತೂ ಎಷ್ಟು ಕೆಳಗಿತ್ತೆಂದರೆ, ತಲೆಯ ಮೇಲೆ ಮಂಕರಿ ಬುಟ್ಟಿ ಹೊತ್ತವರು ಬಗ್ಗಿ ನಡೆಯಬೇಕಿತ್ತು. ಸುಳ್ಳಲ್ಲ. ಬಗ್ಗದೆ ನಡೆದವರ ಮಂಕರಿಯಲ್ಲಿ ಮೋಡ ಸಿಕ್ಕಿಕೊಂಡು, ಮನೆಯೊಳಗೆಲ್ಲ ಮಳೆ ಸುರಿದದ್ದುಂಟು.

ಆಗ ಪಿಳ್ಳಕ್ಕ ಎಂಬ ಹೆಂಗಸಿದ್ದಳು. ಬಿದಿರು ಸೀಳಿ ಬುಟ್ಟಿ ಹೆಣೆಯುವವಳು. ಅವಳ ಬುಟ್ಟಿಯಲ್ಲಿ ನೀರು ತರಬಹುದಿತ್ತು, ಬೆಂಕಿ ತರಬಹುದಿತ್ತು. ಒಂದು ಸಲ ಗಾಳಿಯನ್ನೇ ಹಿಡಿದು ಮುಚ್ಚಿಟ್ಟಳು ನೋಡಿ, ಮೂರು ದಿನ ಊರಲ್ಲಿ ಒಂದೆಲೆ ಅಲ್ಲಾಡಲಿಲ್ಲ. ಅಂಥ ಕೈ ಈಗ ಯಾರಿಗಿದೆ?

ಆ ಕಾಲದ ಆಮೆಗೆ ಚಿಪ್ಪಿರಲಿಲ್ಲ. ಬೆನ್ನು ಆಗತಾನೆ ಕಟ್ಟಿದ ರಾಗಿಮುದ್ದೆಯಷ್ಟು ಮೆತ್ತಗೆ. ನರಿಗೆ ಅದು ಸಲೀಸಾದ ತುತ್ತು. ತಿಂದೂ ತಿಂದೂ, ಬೆಟ್ಟದಲ್ಲಿ ಕೊನೆಗೆ ಉಳಿದದ್ದು ಒಂದೇ ಒಂದು ಮರಿ.

ಬಿದಿರು ಕಡಿಯಲು ಹೋದ ಪಿಳ್ಳಕ್ಕನಿಗೆ ಆ ಮರಿ ತಂಗಡಿ ಗಿಡದ ಬುಡದಲ್ಲಿ ಸಿಕ್ಕಿತು. ಅಂಗೈ ಮೇಲಿಟ್ಟುಕೊಂಡಳು. ಅದು ಕತ್ತೆತ್ತಿ ಅವಳನ್ನೇ ದುರುಗುಟ್ಟಿ ನೋಡಿತು.

"ಅಬ್ಬಾ, ನಿನ್ನ ಜಂಬವೇ! ಬಾ, ನಮ್ಮನೆಗೆ ಹೋಗೋಣ" ಎಂದು ಸೆರಗಿನಲ್ಲಿ ಕಟ್ಟಿಕೊಂಡಳು.

ಪ್ರಾಣಿಯನ್ನು ಮನೆಗೆ ತಂದು ಸಾಕುವುದು ಎಂದರೇನೆಂದು ಅಲ್ಲಿಯವರೆಗೆ ಯಾರಿಗೂ ಗೊತ್ತಿರಲಿಲ್ಲ. ನಾಯಿ ಕೂಡ ಆಗಿನ್ನೂ ಕಾಡಿನಲ್ಲೇ ಇತ್ತು. ಮಾಡಿನ ಮೇಲಿದ್ದ ಕಾಗೆ ಕೇಳಿತು, "ಏನಕ್ಕಾ, ಸಾರಿಗೆ ಹಾಕೋದಕ್ಕಾ?"

"ಸಾಕೋದಕ್ಕೆ ಕಣೋ."

"ಸಾಕೋದಾ? ಹಂಗಂದ್ರೆ?"

"ನೋಡ್ತಾ ಇರು."

ಹಾಗೆಂದಳೇ ಹೊರತು ಅವಳಿಗೂ ಗೊತ್ತಿರಲಿಲ್ಲ.

ನರಿ ಬಾಗಿಲಿಗೇ ಬಂದು ಕೂತಿತು. "ಅದು ನನ್ನ ಪಾಲಿನದು, ಪಿಳ್ಳಕ್ಕ. ನೀನು ಸಾಕ್ತೀಯಾ? ನಾಲ್ಕು ದಿನದಲ್ಲಿ ನೀನೇ ಕೊಂದು ಹೊರಗೆ ಎಸೀತೀಯ. ನಾನಿಲ್ಲೇ ಇರ್ತೀನಿ."

"ಇರು, ಇರು. ನಿನ್ನ ಬಾಲಕ್ಕೆ ಗೆದ್ದಲು ಹತ್ತೋವರೆಗೂ ಇರು!"

ಮೊದಲ ದಿನ ಅಂಬಲಿ ಕುಡಿಸಿದಳು. ಮರಿಯ ಹೊಟ್ಟೆ ಉಬ್ಬಿತು. ಎರಡನೆಯ ದಿನ, ಆಮೆಯಲ್ಲವೇ ಎಂದು ನೀರಿನ ಮಡಕೆಗೆ ಬಿಟ್ಟಳು. ಬೆಟ್ಟದ ಆಮೆಗೆ ಈಜು ಎಲ್ಲಿಂದ ಬರಬೇಕು? ಗುಳುಗುಳು ಎಂದು ತಳ ಸೇರಿತು. ಎತ್ತಿ ಒರೆಸಿದಳು. ಮೂರನೆಯ ದಿನ ಬಾಗಿಲ ಸಂದಿಯಲ್ಲಿ ನರಿಯ ಮೂಗು ಕಂಡಿತು. ಬುಟ್ಟಿ ಹೆಣೆಯುವವಳಿಗೆ ಬೇರೇನು ಹೊಳೆಯುತ್ತದೆ? ಮರಿಯ ಮೇಲೆ ದೊಡ್ಡ ಮಂಕರಿ ಕವುಚಿ, ಅದರ ಮೇಲೊಂದು ಒರಳುಕಲ್ಲು ಹೇರಿದಳು.

ಕತ್ತಲಲ್ಲಿ ಮರಿ ಬಾಡತೊಡಗಿತು. ಸೊಪ್ಪು ಹಾಕಿದರೆ ಮುಖ ತಿರುಗಿಸಿತು.

"ತಿನ್ನೋ ನಮ್ಮಪ್ಪ."

"ತಿನ್ನಲ್ಲ."

"ಸಾಯ್ತೀಯ!"

"ಸತ್ತರೂ ತಿನ್ನಲ್ಲ. ಮೊದಲು ಬಿಸಿಲು ಕೊಡು."

"ಹೊರಗೆ ನರಿ ಕೂತಿದೆ ಕಣೋ."

"ನರಿ ಒಂದೇ ಸಲಕ್ಕೆ ತಿಂದು ಮುಗಿಸುತ್ತೆ. ನೀನು ಒಂಚೂರು ಒಂಚೂರೇ ಕೊಲ್ತಿದ್ದೀಯಲ್ಲಕ್ಕ."

ಪಿಳ್ಳಕ್ಕನಿಗೆ ಚೇಳು ಕುಟುಕಿದ ಹಾಗಾಯಿತು. ದಡಕ್ಕನೆ ಎದ್ದು ಒರಳುಕಲ್ಲನ್ನು ಒದ್ದಳು. ಅದು ಉರುಳಿ ಉರುಳಿ ಮೂರೂರು ದಾಟಿ ನಿಂತಿತು.

"ಬಾರೋ. ಬಿಸಿಲೂ ಸಿಗಬೇಕು, ನರಿಯೂ ಮುಟ್ಟಬಾರದು. ಹಂಗೆ ಮಾಡದಿದ್ದರೆ ನಾನು ಪಿಳ್ಳಕ್ಕನೇ ಅಲ್ಲ!"

ಮರಿಯನ್ನು ಹಾಡಹಗಲೇ ಅಂಗಳದ ನಡುವೆ ಇಟ್ಟಳು. ನರಿ ಕಣ್ಣರಳಿಸಿತು. ಪಿಳ್ಳಕ್ಕ ಒಂದು ಕೈಯಲ್ಲಿ ನರಿಯತ್ತ ಮಚ್ಚು ಬೀಸುತ್ತ, ಇನ್ನೊಂದರಲ್ಲಿ ಬಿದಿರಿನ ದಬ್ಬೆ ಹಿಡಿದಳು.

ಬುಟ್ಟಿಯ ತಳ ಹೆಣೆಯುವಾಗ ದಬ್ಬೆಗಳನ್ನು ನಡುವಿನಿಂದ ಸುತ್ತಲೂ ಹರಡಿ, ಹಿಮ್ಮಡಿಯಲ್ಲಿ ಒತ್ತಿ ಹಿಡಿಯಬೇಕು. ಮರಿಯ ಮೆತ್ತನೆ ಬೆನ್ನಿನ ಮೇಲೆ ಹಿಮ್ಮಡಿ ಊರುವುದು ಹೇಗೆ? ಅದಕ್ಕೇ ಅವಳು ಉಗುರಗಲದ ಪುಟ್ಟ ಪುಟ್ಟ ತಳಗಳನ್ನು ನೆಲದ ಮೇಲೆ ಹೆಣೆದಳು. ಒಂದೊಂದನ್ನೇ ಹುಣಸೆಬೀಜದ ಅಂಟು ಬಳಿದು ಮರಿಯ ಬೆನ್ನಿಗೆ ಕೂರಿಸಿದಳು. ಅವಸರದ ಕೆಲಸ, ಒಂದೊಂದೂ ನಡುವೆ ಉಬ್ಬಿಕೊಂಡಿತು.

"ಸೂರ್ಯಪ್ಪಾ, ಅಂಟು ಒಣಗಬೇಕು. ಒಂಚೂರು ಕೆಳಗಿಳಿದು ಬಾ!"

"ಸುಡುತ್ತಮ್ಮ," ಎಂದ ಸೂರ್ಯ.

"ಸುಡಲಿ ಬಾ!" ಎಂದಿತು ಮರಿ.

ಸೂರ್ಯ ಮಾಡಿನವರೆಗೂ ಇಳಿದ. ಅಂಟು ಸೀದು ಕಪ್ಪಗೆ ಕಲ್ಲಾಯಿತು. ಬಿದಿರು ಹಳದಿಯಾಗೇ ಉಳಿಯಿತು. ಪಿಳ್ಳಕ್ಕನ ಹುಬ್ಬಿನ ಕೂದಲೂ ಸುಟ್ಟುಹೋಯಿತು, ಅವಳು ಕದಲಲಿಲ್ಲ.

ಅಷ್ಟರಲ್ಲಿ ನರಿ ಹಾರಿತು. ಮರಿಯ ಬೆನ್ನಿಗೇ ಬಾಯಿ ಹಾಕಿತು. ಟಕ್! ಮುಂಬಲ್ಲು ಎರಡೂ ಮುರಿದು ಬಿದ್ದವು. ಹಾಗಾದರೆ ತಲೆಯಾದರೂ ಸಿಗಲಿ ಎಂದು ತಿರುಗಿತು. ಮರಿ ಸರ್ರನೆ ತಲೆಯನ್ನು ಹೊಸ ಚಿಪ್ಪಿನೊಳಗೆ ಎಳೆದುಕೊಂಡಿತು.

"ಹೊರಗೆ ಬಾರೋ!" ಎಂದಿತು ನರಿ.

"ಬರಲ್ಲ."

"ಎಷ್ಟೊತ್ತು ಒಳಗಿರ್ತೀಯ?"

"ನೀನು ಹೋಗೋವರೆಗೂ. ಬೇಕೆನಿಸಿದರೆ ಆಮೇಲೂ."

ನರಿ ಏಳು ದಿನ ಕಾಯಿತು. ಎಂಟನೆಯ ದಿನ ಬಾಲ ಎಳೆದುಕೊಂಡು ಹೋಯಿತು.

ಅಷ್ಟೂ ದಿನ ಜಗಲಿಯಲ್ಲಿ ಕೂತು ನೋಡುತ್ತಿದ್ದ ಪಿಳ್ಳಕ್ಕ ಓಡಿಬಂದು ಕೈಚಾಚಿದಳು. "ಬಾರೋ ಕಂದ, ಮನೆಗೆ ಹೋಗೋಣ." ಮರಿ ಅವಳಿಗೂ ತಲೆ ಒಳಗೆಳೆದುಕೊಂಡಿತು.

"ನಾನು ಕಣೋ, ಪಿಳ್ಳಕ್ಕ!"

"ಗೊತ್ತು," ಎಂದಿತು ಒಳಗಿಂದ. "ನನ್ನ ಮನೆ ಈಗ ನನ್ನ ಬೆನ್ನ ಮೇಲಿದೆ. ಕಟ್ಟಿಕೊಟ್ಟವಳು ನೀನೇ ಅಲ್ಲವೇನಕ್ಕ?"

ಆಮೇಲೆ ತನಗೆ ಬೇಕೆನಿಸಿದಾಗ ತಲೆ ಹೊರಹಾಕಿ, ಅವಳ ಕೈಯ ಸೊಪ್ಪು ತಿಂದು, ನಿಧಾನವಾಗಿ ಬೆಟ್ಟದ ದಾರಿ ಹಿಡಿಯಿತು.

"ಸಾಕಿದ್ದು ಹೋಯ್ತಲ್ಲಕ್ಕಾ!" ಎಂದು ಕಾಗೆ ಕೂಗಿತು.

ಪಿಳ್ಳಕ್ಕನ ಕಣ್ಣು ತುಂಬಿತ್ತು. ಆದರೂ ಸೊಂಟದ ಮೇಲೆ ಕೈಯಿಟ್ಟು ನಿಂತು, ಬೆಟ್ಟಕ್ಕೆಲ್ಲ ಕೇಳುವ ಹಾಗೆ ಹೇಳಿದಳು: "ಹೋಗಲಿ ಬಿಡೋ! ನಡಕೊಂಡು ಹೋಯ್ತು, ಸತ್ತು ಹೋಗಲಿಲ್ಲ. ಸಾಕೋದು ಅಂದ್ರೆ ಇದೇ ಕಣೋ!"

ಇವತ್ತಿಗೂ ಬೆಟ್ಟದ ಕುರುಚಲಲ್ಲಿ ನಕ್ಷತ್ರ ಆಮೆ ಕಂಡರೆ ನೋಡಿ, ಅದರ ಕಪ್ಪು ಬೆನ್ನ ಮೇಲೆ ಹಳದಿ ದಬ್ಬೆಗಳು ಹರಡಿಕೊಂಡೇ ಇವೆ. ನೀವು ಬೆರಳು ತಾಗಿಸಿದ ಕೂಡಲೇ ಅದು ತಲೆ ಒಳಗೆಳೆದುಕೊಳ್ಳುವುದು ಹೆದರಿಕೆಯಿಂದಲ್ಲ, ಯಾರು ಕರೆದರೂ ತನಗೆ ಬೇಕಾದಾಗ ಮಾತ್ರ ಹೊರಬರುವ ಹಟದಿಂದ.